ನಾವು ಪರೀಕ್ಷಿಸಿದ ಬಾವಿ

ಭೋಜ ಎಂಬ ಹಳ್ಳಿಯಲ್ಲಿ ಪ್ರತಿ ಭಾನುವಾರ ಹತ್ತು ಹನ್ನೆರಡು ಹುಡುಗ ಹುಡುಗಿಯರನ್ನು ಕೂಡಿಸಿಕೊಂಡು ನಾನೊಂದು ಕಲಿಕೆಯ ಬಳಗ ನಡೆಸುತ್ತಿದ್ದೆ. ಪಠ್ಯಪುಸ್ತಕವಿರಲಿಲ್ಲ. ಊರನ್ನೇ ನೋಡಿ ಕಲಿಯುವುದು, ಕಂಡುಕೊಂಡದ್ದನ್ನು ಊರವರಿಗೆ ಹೇಳುವುದು. ಈ ಕಟ್ಟಳೆ ನನ್ನದೇ.

ಆ ಬೇಸಿಗೆ ಬಾವಿಗಳ ನೀರು ಪರೀಕ್ಷಿಸಿದೆವು. ಔಷಧಿ ಹಾಕಿದ ಸಣ್ಣ ಬಾಟಲಿಯಲ್ಲಿ ನೀರು ತುಂಬಿಟ್ಟರೆ, ಹೊಲಸು ಸೇರಿದ ನೀರು ಎರಡು ದಿನದೊಳಗೆ ಕಪ್ಪಾಗುತ್ತದೆ. ಹತ್ತನೇ ತರಗತಿಯ ಹುಡುಗಿಯೊಬ್ಬಳು ತನ್ನ ಮನೆಯ ಬಾವಿಯ ನೀರು ತಂದಳು. ಒಂದೇ ದಿನಕ್ಕೆ ಅದು ಡಾಂಬರಿನಂತಾಯಿತು.

ಅವಳ ಅಜ್ಜ ತೋಡಿಸಿದ ಬಾವಿ ಅದು. ಮನೆಮನೆಗೆ ನಳ ಬಂದ ಮೇಲೂ ಓಣಿಯವರು ಕುಡಿಯಲು ಅದರ ನೀರನ್ನೇ ಒಯ್ಯುತ್ತಿದ್ದರು. ಅದೇ ಆ ಮನೆತನದ ಮರ್ಯಾದೆ.

"ಹೇಳೂದ ಬ್ಯಾಡ್ರಿ ಅಕ್ಕೋರ. ನಮ್ಮ ಆಯಿ ಭಾಳ ಸಿಟ್ಟಾಗ್ತಾಳ," ಎಂದಳು.

"ಹೇಳು. ನಾ ನಿನ್ನ ಬಾಜೂಕ ಇರ್ತೀನಿ," ಎಂದೆ.

ಬಾವಿಕಟ್ಟೆಯ ಮುಂದೆ ಓಣಿಯವರು ಸೇರಿದ್ದರು. ಅವಳು ಬಾಟಲಿ ಎತ್ತಿ ಹಿಡಿದು, ಈ ನೀರು ಕುಡಿಯಲು ಯೋಗ್ಯವಲ್ಲವೆಂದು ತಡವರಿಸದೆ ಹೇಳಿದಳು. ಅವಳು ಆಯಿ ಎಂದು ಕರೆಯುವ ಅಜ್ಜಿ ಕೊಡ ಇಳಿಸಿದಳು.

"ಇದ ನೀರ ಕುಡದ ನಿಮ್ಮಪ್ಪ ಗೂಳಿ ಹಂಗ ಬೆಳದಾನ. ನಿನಗಷ್ಟ ಹುಳ ಕಾಣ್ತಾವೇನ ಬೇ? ಕಣ್ಣಿಗಿ ದುರ್ಬೀನ ಹಚಗೊಂಡೀಯೇನ?"

ಜನ ನಕ್ಕರು. ಅಜ್ಜಿ ನನ್ನತ್ತ ತಿರುಗಿದಳು. "ನೀವರೆ ಹೇಳ್ರಿ ಅಕ್ಕೋರ. ಕುಡ್ಯಾಕ ಬರೂದಿಲ್ಲೇನ್ರಿ ಇದು?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. "ಕುದಿಸಿ ಕುಡದ್ರ ಛಲೋರಿ," ಎಂದೆ. ಅಷ್ಟೇ ಹೇಳಿದ್ದು.

"ಕುದಿಸಾಕ ಇದೇನ ಚಾ ಏನ್ರಿ?"

ಮತ್ತೆ ನಗು. ಅಜ್ಜಿ ತಂಬಿಗೆ ತುಂಬಿ, ಅರ್ಧ ತಾನು ಕುಡಿದು, ಉಳಿದದ್ದನ್ನು ಮೊಮ್ಮಗಳಿಗೆ ಚಾಚಿದಳು. "ಕುಡಿ. ಮನಿತನದ ಮಗಳಾಗಿದ್ರ ಕುಡಿ."

ಹುಡುಗಿ ನನ್ನ ಮುಖ ನೋಡಿದಳು. ನಾನು ಅವಳಿಂದ ಎರಡು ಹೆಜ್ಜೆ ದೂರದಲ್ಲಿದ್ದೆ. ಕೈ ಚಾಚಿದ್ದರೆ ತಂಬಿಗೆ ಸಿಗುತ್ತಿತ್ತು. ಚಾಚಲಿಲ್ಲ. ಅವಳು ಪೂರ್ತಿ ಕುಡಿದು, ಓಢಣಿಯ ಅಂಚಿನಿಂದ ಬಾಯಿ ಒರೆಸಿಕೊಂಡಳು.

ಮೂರನೆಯ ದಿನ ವಾಂತಿಭೇದಿಯೆಂದು ಅವಳನ್ನು ಚಿಕ್ಕೋಡಿಯ ಆಸ್ಪತ್ರೆಗೆ ಸೇರಿಸಿದರು. ಬಿಸಿಲಿಗೆ ಹಾಗಾಯಿತೆಂದು ಮನೆಯವರು ಹೇಳಿದರು. ನಾನು ನೋಡಲು ಹೋದಾಗ ಸಲಾಯಿನ್ ಹಚ್ಚಿದ್ದರು. ತುಟಿ ಒಡೆದಿತ್ತು.

"ನಿಮಗ ಗೊತ್ತಿತ್ತಲ್ರಿ ಅಕ್ಕೋರ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ತಿಳಿದುಕೊಳ್ಳಲೆಂದೇ ಕೇಳಿದ್ದಳು. ನಾನು ಅವಳ ಹೊದಿಕೆ ಸರಿಪಡಿಸಿದೆ.

ಅವಳು ಗುಣವಾದಳು. ಬಳಗಕ್ಕೆ ಮತ್ತೆ ಬರಲಿಲ್ಲ. ಮುಂದಿನ ಭಾನುವಾರ ಉಳಿದವರು ಬಂದು ಕುಳಿತರು. ಈ ವಾರ ಚಿತ್ರ ಬಿಡಿಸೋಣ ಎಂದು ಹಾಳೆ ಹಂಚಿದೆ. ಮೊದಲೆಲ್ಲ ಒಂದು ಮಾತಿಗೆ ಹತ್ತು ಪ್ರಶ್ನೆ ಕೇಳುತ್ತಿದ್ದ ಮಕ್ಕಳು, ತಲೆ ತಗ್ಗಿಸಿ ಬಣ್ಣ ತುಂಬತೊಡಗಿದರು.