ಗುಂಡಿ ಒತ್ತಿದ ಗಟ್ಟಿಮೇಳ

ಅಪ್ಪ ಡೋಲು ಬಾರಿಸುತ್ತಿದ್ದರು, ಸೋದರಮಾವ ನಾಗಸ್ವರ ಊದುತ್ತಿದ್ದರು. ಎಂಬತ್ತರ ದಶಕದಲ್ಲಿ ಮಾವ ತೀರಿಕೊಂಡರು. ನಮ್ಮ ಮನೆಯ ಓಲಗ ಅಲ್ಲಿಗೆ ಮುಗಿಯಿತು. ನಾನು ಹಾರ್ಮೋನಿಯಂ ಕಲಿತವನು. ದುಬೈಯಿಂದ ವಾಪಸು ಬಂದ ಒಬ್ಬರು ಮಾರಿದ ಕೀಬೋರ್ಡು ನನ್ನ ಕೈಗೆ ಬಂತು. ಎಡಗೈಯಲ್ಲಿ ಸ್ವರ ಹಿಡಿದು ಕೂತರೆ ತಾಳ, ಗಿಟಾರು, ಪಿಟೀಲು ಎಲ್ಲವನ್ನೂ ಅದೇ ನುಡಿಸುತ್ತಿತ್ತು. ನುಡಿಸುವವನು ಇದ್ದರೂ ಸರಿ, ಇಲ್ಲದಿದ್ದರೂ ಸರಿ ಅನ್ನುವಂಥ ಯಂತ್ರ. ಕುಣಿಗಲ್ಲಿನ ಆರತಕ್ಷತೆಗಳಲ್ಲಿ ನಾನೊಬ್ಬನೇ ಕೂತು ಇಡೀ ಆರ್ಕೆಸ್ಟ್ರಾ ಆಗುತ್ತಿದ್ದೆ. ಡ್ರಮ್ಮು ಬಾರಿಸುವವನು ಎಲ್ಲಿ ಅಡಗಿದ್ದಾನೆ ಎಂದು ಜನ ನನ್ನ ಹಿಂದೆ ಬಗ್ಗಿ ನೋಡುತ್ತಿದ್ದರು. ಬರುಬರುತ್ತಾ ಬೆಳಗಿನ ಧಾರೆಗೂ ನನ್ನನ್ನೇ ಕರೆಯತೊಡಗಿದರು.

ಅಪ್ಪನೂ ಉಪ್ಪಾರಹಳ್ಳಿಯ ಮನೆಯಿಂದ ನನ್ನ ಜೊತೆ ಹೊರಡುತ್ತಿದ್ದರು. ಒಂದು ಕೈಯಲ್ಲಿ ನನ್ನ ಸ್ಟ್ಯಾಂಡು, ಹೆಗಲಿಗೆ ಬಟ್ಟೆಚೀಲದೊಳಗೆ ಡೋಲು. ಗಟ್ಟಿಮೇಳಕ್ಕಾದರೂ ತಮ್ಮನ್ನು ಕರೆಯುತ್ತಾರೆ ಎಂಬುದೊಂದೇ ಅವರ ಆಸೆ.

ತಾಳಿ ಕಟ್ಟುವ ಹೊತ್ತಿನಲ್ಲಿ ಸೀನು, ಅಳು, ಕೆಟ್ಟ ಮಾತು ಯಾವುದೂ ಕಿವಿಗೆ ಬೀಳಬಾರದೆಂದು ಬಾರಿಸುವುದು ಗಟ್ಟಿಮೇಳ. ಅಲ್ಲಿ ತಾಳದ ಲೆಕ್ಕವಿಲ್ಲ, ಸಂದಿಲ್ಲದಂತೆ ಸದ್ದು ತುಂಬಬೇಕು. ತಮ್ಮ ಡೋಲನ್ನು ದಾಟಿ ಒಂದು ಸೀನೂ ಮಂಟಪಕ್ಕೆ ಹೋಗಿಲ್ಲ ಎಂಬುದು ಅಪ್ಪನ ಜೀವಮಾನದ ಹೆಮ್ಮೆ.

ಗುಬ್ಬಿಯ ಒಂದು ಮದುವೆಯಲ್ಲಿ ಅವರು ಹೆಣ್ಣಿನ ತಂದೆಯ ಹತ್ತಿರ ಹೋಗಿ, "ಮುಹೂರ್ತಕ್ಕೆ ಮಾತ್ರ ಬಾರಿಸ್ತೀನಿ ಸ್ವಾಮಿ, ಏನೂ ಕೊಡ್ಬ್ಯಾಡಿ" ಎಂದರು.

"ಮಗನ ಪೆಟ್ಟಿಗೇಲಿ ಎಲ್ಲಾ ಐತಲ್ಲ ಯಜಮಾನ್ರೇ. ನೀವ್ಯಾಕೆ ಸುಸ್ತು ಮಾಡ್ಕೊಂತೀರಾ? ಆರಾಮಾಗಿ ಕೂತ್ಕಳಿ ಬುಡಿ." ಅವರು ಒಳ್ಳೆಯ ಮನುಷ್ಯರು. ಕುರ್ಚಿಯನ್ನೂ ತರಿಸಿದರು. ಅಪ್ಪ ಡೋಲನ್ನು ತೊಡೆಯ ಮೇಲಿಟ್ಟುಕೊಂಡು ಕೂತರು.

ನನ್ನ ಪೆಟ್ಟಿಗೆಯಲ್ಲಿ ಡಿಸ್ಕೋ ಇತ್ತು, ವಾಲ್ಟ್ಸ್ ಇತ್ತು, ಗಟ್ಟಿಮೇಳ ಇರಲಿಲ್ಲ. ಅದನ್ನು ಮಾಡಿದವರ ದೇಶದಲ್ಲಿ ತಾಳಿ ಎಲ್ಲಿಂದ ಬರಬೇಕು? ಪುರೋಹಿತರು ಕೈಯೆತ್ತಿ "ಗಟ್ಟಿಮೇಳ, ಗಟ್ಟಿಮೇಳ" ಎಂದು ಕೂಗಿದಾಗ ಮೆರವಣಿಗೆಯ ತಾಳದ ಗುಂಡಿ ಒತ್ತಿ, ವೇಗವನ್ನೂ ಸದ್ದನ್ನೂ ಪೂರ್ತಿ ಏರಿಸಿದೆ. ಎಷ್ಟು ಏರಿಸಿದರೂ ಅದು ತಾಳವೇ, ಪೆಟ್ಟಿಗೂ ಪೆಟ್ಟಿಗೂ ನಡುವೆ ಸಂದು ಇದ್ದೇ ಇತ್ತು. ವರ ಮೊದಲ ಗಂಟು ಹಾಕುತ್ತಿದ್ದಂತೆ ಆ ಸಂದಿನಲ್ಲಿ ಮುಂದಿನ ಸಾಲಿನಿಂದ ಯಾರೋ ಗಟ್ಟಿಯಾಗಿ ಸೀನಿದರು.

ಅಪ್ಪ ದಡಕ್ಕನೆ ಎದ್ದು ನಿಂತರು. ಹಿಂದೆಲ್ಲ ಹೀಗಾದರೆ ಹಿರಿಯರು ಓಲಗದವರನ್ನು ಹುರಿದು ಮುಕ್ಕುತ್ತಿದ್ದರು. ಬೈಯಲಿ, ಚೆನ್ನಾಗಿ ಬೈಯಲಿ, ಅಪ್ಪನನ್ನು ಕರೆಯಲಿ ಎಂದು ದೇವರನ್ನು ಬೇಡಿಕೊಂಡು ತಲೆ ತಗ್ಗಿಸಿ ಕೂತೆ.

ಯಾರೂ ತಿರುಗಿಯೂ ನೋಡಲಿಲ್ಲ. ಅಕ್ಷತೆ ಬಿತ್ತು. ಹೆಣ್ಣಿನ ತಂದೆ ಫೋಟೋದವನ ಕಡೆ ನೋಡಿ ನಕ್ಕರು. ಆಮೇಲೆ ನನ್ನ ಹತ್ತಿರ ಬಂದು ಬೆನ್ನು ತಟ್ಟಿದರು.

"ಭಾರಿ ಚೆನ್ನಾಗಿತ್ತು ಕಣಪ್ಪ! ಚೇಳೂರಲ್ಲಿ ನಮ್ ತಮ್ಮನ ಮಗಳ ಮದ್ವೆಗೂ ನೀನೇ ಬಂದ್ಬುಡು."

ಪಕ್ಕದಲ್ಲೇ ನಿಂತಿದ್ದ ಅಪ್ಪ ಎಲ್ಲವನ್ನೂ ಕೇಳಿಸಿಕೊಂಡರು. ಊಟಕ್ಕೆ ಬರಲಿಲ್ಲ. ನಾನೂ ಎಲೆಯ ಮುಂದೆ ಕೂತು ಹಾಗೇ ಎದ್ದೆ.

ಬಸ್‌ ಸ್ಟ್ಯಾಂಡಿನಲ್ಲಿ ಅಪ್ಪ ಕೇಳಿದರು: "ಸೀನಿದ್ದು ನಿಂಗೂ ಕೇಳಿಸ್ತು ತಾನೇ?"

"ಕೇಳಿಸ್ತಪ್ಪ."

"ಅವ್ರಿಗೂ ಕೇಳ್ಸಿರ್ತದೆ." ಡೋಲಿನ ಚೀಲವನ್ನು ಹೆಗಲ ಮೇಲೆ ಸರಿಮಾಡಿಕೊಂಡರು. "ಒಬ್ರಾದ್ರೂ ಬೈಬೇಕಾಗಿತ್ತು ಕಣ್ಲಾ."

ಚೇಳೂರಿಗೆ ನಾನೊಬ್ಬನೇ ಹೋದೆ.