ದಸ್ತಗೀರ್ ಸಾಬರ ಪಿನ್ನು

ದಸ್ತಗೀರ್ ಸಾಬರ ಕುತ್ತಿಗೆ ಸದಾ ಬಲಗಡೆಗೆ ತಿರುಗಿರುತ್ತಿತ್ತು. ಮೊದಲ ಸಲ ನೋಡಿದವರು, ಪಾಪ, ನರ ಹಿಡಿದಿರಬೇಕು ಎಂದುಕೊಳ್ಳುತ್ತಿದ್ದರು. ನರವೂ ಇಲ್ಲ, ಏನೂ ಇಲ್ಲ. ವರ್ಷಾನುಗಟ್ಟಲೆ ಕೆಟ್ಟ ಲಾರಿಗಳನ್ನು ಎಳೆಯುತ್ತಾ, ಕಿಟಕಿಯಿಂದ ತಲೆ ಹೊರಹಾಕಿ ಹಿಂದಿನ ಗಾಡಿಯನ್ನು ನೋಡುತ್ತಾ ಅದು ಹಾಗೇ ನಿಂತುಬಿಟ್ಟಿತ್ತು. ಊಟಕ್ಕೆ ಕೂತರೂ ಎರಡು ತುತ್ತಿಗೊಮ್ಮೆ ಬಲಭುಜದ ಮೇಲಿಂದ ಹಿಂದೆ ನೋಡುವರು. "ಹಿಂದೆ ಇರೋದು ಗೋಡೆ. ಅದೇನು ಕಳಚ್ಕೊಂಡು ಹೋಗಾಕಿಲ್ಲ, ಉಣ್ರೀ" ಎಂದು ಅವರ ಹೆಂಡತಿ ಬೀಬಮ್ಮ ಗದರುತ್ತಿದ್ದರು. ಸಾಬರು ಗೋಡೆ ಇರುವುದನ್ನು ಖಾತ್ರಿ ಮಾಡಿಕೊಂಡೇ ಮುಂದಿನ ತುತ್ತಿಗೆ ಕೈ ಹಾಕುತ್ತಿದ್ದರು.

ನಾನು ಕೊಳಾಲದವನು, ಎಪ್ಪತ್ತರ ದಶಕದಲ್ಲಿ ಒಂದೇ ಒಂದು ಹಳೆಯ ಲಾರಿಯ ಮಾಲೀಕ ಮತ್ತು ಡ್ರೈವರು. ಹುಣಸೆಹಣ್ಣು, ಹೆಂಚು, ಕಡ್ಲೆಕಾಯಿ, ಸಿಕ್ಕಿದ್ದನ್ನು ಹೇರಿಕೊಂಡು ಕೊರಟಗೆರೆ, ಮಧುಗಿರಿ, ಪಾವಗಡ, ಶಿರಾ ಎಂದು ಸುತ್ತುತ್ತಿದ್ದೆ. ಸುತ್ತಿದ್ದಕ್ಕಿಂತ ನಿಂತದ್ದು ಹೆಚ್ಚು. ನನ್ನ ಲಾರಿ ಕೆಡದ ಹಳ್ಳಿ ಆ ನಾಲ್ಕು ತಾಲ್ಲೂಕಿನಲ್ಲಿ ಇರಲಿಲ್ಲ. ಹಾಗಾಗಿ ಶಿರಾದ ದಸ್ತಗೀರ್ ಸಾಬರ ಪರಿಚಯ ನನಗೆ ನೆಂಟಸ್ತನದ ಮಟ್ಟಕ್ಕೆ ಬೆಳೆದಿತ್ತು.

ಆ ಕಾಲದಲ್ಲಿ ಕೆಟ್ಟ ಲಾರಿಯನ್ನು ಎಲ್ಲರೂ ಹಗ್ಗ ಕಟ್ಟಿಯೋ ಸರಪಳಿ ಕಟ್ಟಿಯೋ ಎಳೆಯುತ್ತಿದ್ದರು. ಸಾಬರು ಮಾತ್ರ ಕಂಬಿ ಹಾಕುತ್ತಿದ್ದರು. ತಾವೇ ಬೆಸೆದುಕೊಂಡ ಎರಡು ಕಾಲಿನ ದಪ್ಪ ಕಬ್ಬಿಣದ ಕಂಬಿ ಅದು. ಎರಡು ಕಾಲು ಕೆಟ್ಟ ಲಾರಿಯ ಮುಂಭಾಗಕ್ಕೆ, ಅವೆರಡೂ ಕೂಡುವ ಮೂತಿ ಸಾಬರ ಲಾರಿಯ ಹಿಂಭಾಗಕ್ಕೆ. ಮೂತಿಯ ತೂತಿನಲ್ಲಿ ಗೇಣುದ್ದದ ಪಿನ್ನು ಇಳಿಸಿದರೆ ಎರಡೂ ಲಾರಿ ಒಂದೇ ಲಾರಿ. "ಹಗ್ಗಕ್ಕೆ ಎಳೆಯಾಕೆ ಬತ್ತದೆ, ತಡೆಯಾಕೆ ಬರಾಕಿಲ್ಲ. ಇಳಿಜಾರ್ನಾಗೆ ಹಿಂದಿನ ಗಾಡಿ ಬಂದು ಬೆನ್ನಿಗೆ ಗುದ್ತದೆ. ನನ್ ಕಂಬಿ ಎಳೀತದೆ, ತಡೀತದೆ" ಎನ್ನುತ್ತಿದ್ದರು.

ಪಿನ್ನು ಇಳಿಸುವ ಮೊದಲು ನಡೆಯುತ್ತಿದ್ದ ತಪಾಸಣೆ ಮಾತ್ರ ಅವಸರದವರಿಗೆ ಪ್ರಾಣಸಂಕಟ. ಕೆಟ್ಟ ಲಾರಿಯ ಅಡಿಗೆ ನುಗ್ಗಿ ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಕ್ಕೆ ಹೋಗುವ ಶಾಫ್ಟನ್ನು ಬಿಚ್ಚಬೇಕು. ಬಿಚ್ಚದೆ ಎಳೆದರೆ ಇಂಜಿನ್ ನಿಂತಿರುವುದರಿಂದ ಎಣ್ಣೆ ಏರದೆ ಗೇರಿನ ಹಲ್ಲೆಲ್ಲ ಉದುರುತ್ತವೆ. ಹ್ಯಾಂಡ್‌ಬ್ರೇಕು, ಚಕ್ರದ ನಟ್ಟು, ಸ್ಟೇರಿಂಗು ನೋಡಬೇಕು. ಕಂಬಿ ಮುರಿದರೂ ಇರಲಿ ಎಂದು ಅಡಿಯಲ್ಲಿ ಎರಡು ಸರಪಳಿಯನ್ನು ಕತ್ತರಿಯಾಗಿ ಕಟ್ಟಬೇಕು. ಹಿಂದೆ ಕೆಂಪು ಬಟ್ಟೆ. ಕೊನೆಗೆ ಎಲ್ಲರಿಗೂ ಒಂದು ಅಪ್ಪಣೆ: "ಸತ್ತ ಗಾಡಿನಾಗೆ ಜೀವ ಕೂರಂಗಿಲ್ಲ." ಆಮೇಲೆ ಗಂಟೆಗೆ ಹದಿನೈದು ಮೈಲಿ ವೇಗ. ಎತ್ತಿನಗಾಡಿಯವರು ಹಿಂದಿನಿಂದ ಬಂದು ಮಾತಾಡಿಸಿಕೊಂಡು ಹೋಗುತ್ತಿದ್ದರು ಎಂದು ಶಿರಾದ ಡ್ರೈವರುಗಳು ಹೇಳುತ್ತಿದ್ದದ್ದು ಸ್ವಲ್ಪ ಉತ್ಪ್ರೇಕ್ಷೆ.

ಒಂದು ಸಲ ಬಡವನಹಳ್ಳಿಯ ಹತ್ತಿರ ನನ್ನ ಲಾರಿ ನಿಂತಿತು. ಸಾಬರು ಬಂದರು. ಅವತ್ತು ಅವರ ಕುತ್ತಿಗೆ ನಿಜವಾಗಿಯೂ ಹಿಡಿದುಕೊಂಡಿತ್ತು, ಮುಲಾಮು ಹಚ್ಚಿ ಟವೆಲ್ ಸುತ್ತಿದ್ದರು. ತಪಾಸಣೆ ಮುಗಿಸಿ, ಸರಪಳಿ ಕಟ್ಟುವುದಕ್ಕೆ ಮೊದಲು ಪಿನ್ನನ್ನು ಎತ್ತಿ ಹಿಡಿದು ಅದರ ಮಹಿಮೆಯನ್ನು ನನಗೆ ವಿವರಿಸತೊಡಗಿದರು. ಯಾವ ಉಕ್ಕು, ಎಲ್ಲಿ ಕಡೆಸಿದ್ದು, ಇದೊಂದು ಕೈಕೊಟ್ಟರೆ ಏನಾಗುತ್ತದೆ ಎಂದು ಕಾಲು ಗಂಟೆ ಭಾಷಣ. ಅಷ್ಟರಲ್ಲಿ ಎದುರಿನ ಹೋಟೆಲಿನವನು ಚಹಾ ಕೊಟ್ಟ. ಚಹಾ ಕುಡಿದೆವು, ಹತ್ತಿದೆವು, ಹೊರಟೆವು.

"ನನ್ ಕತ್ತು ತಿರುಗಾಕಿಲ್ಲ ಇವತ್ತು. ನೀನೇ ನೋಡ್ತಾ ಇರು ಬೇಟಾ. ಬತ್ತಾ ಐತಾ?"

ನಾನು ಚಹಾದ ಗುಂಗಿನಲ್ಲಿ ಮುಂದೆ ನೋಡುತ್ತಲೇ "ಬತ್ತಾ ಐತೆ" ಎಂದೆ. ಮೈಲಿಗೊಮ್ಮೆ ಕೇಳಿದರು. ಮೈಲಿಗೊಮ್ಮೆ "ಬತ್ತಾ ಐತೆ" ಎಂದೆ. ಸಾಬರಿಗೆ ಖುಷಿಯೋ ಖುಷಿ. "ನೋಡ್ದಾ, ಎಷ್ಟು ಹಗೂರಾಗಿ ಬತ್ತಾ ಐತೆ. ಹಿಂದೆ ಗಾಡಿ ಐತೆ ಅಂತಲೇ ಗೊತ್ತಾಗಾಕಿಲ್ಲ. ಕಂಬಿ ಅಂದ್ರೆ ಅದು" ಎಂದರು. ನಾಲ್ಕನೆಯ ಮೈಲಿಯಲ್ಲಿ ಬೀಡಿಗೆಂದು ಜುಬ್ಬದ ಜೇಬಿಗೆ ಕೈ ಹಾಕಿದರು. ಕೈಗೆ ಬಂದದ್ದು ಪಿನ್ನು.

ವಾಪಸು ಹೋದಾಗ ನನ್ನ ಲಾರಿ ನಿಂತಲ್ಲೇ ನಿಂತಿತ್ತು. ಅದರ ಬಾನೆಟ್ಟಿನ ಮೇಲೆ ಒಂದು ಮೇಕೆ ಹತ್ತಿ ಹೊಂಗೆ ಎಲೆಗೆ ಬಾಯಿ ಹಾಕುತ್ತಿತ್ತು. ಸಾಬರು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. "ಪಿನ್ನು ಮರ್ತಿದ್ದು ನನ್ ತಪ್ಪು. ನೋಡ್ದೆ ಹೇಳಿದ್ದು ನಿಂದು. ನನ್ ತಪ್ಪು ಹೆಂಗೋ ತಿದ್ಕೋಬೋದು. ನಿನ್ ಮೇಲೆ ಭರೋಸಾ ಹೋಯ್ತಲ್ಲೋ" ಎಂದರು. ಅಷ್ಟೇ.

ಅಂದಿನಿಂದ ನನ್ನ ಮಾತನ್ನು ಅವರು ನಂಬುವುದು ನಿಂತಿತು. ನಾನು ಬಿಗಿದ ನಟ್ಟನ್ನು ಅವರು ಮತ್ತೆ ಬಿಗಿಯುವರು, ನಾನು ಕಟ್ಟಿದ ಸರಪಳಿಯನ್ನು ಬಿಚ್ಚಿ ಕಟ್ಟುವರು. "ಸರಿಯಾಗೈತೆ ಸಾಬ್ರೇ" ಎಂದರೆ "ಐತೆ, ಐತೆ" ಎನ್ನುತ್ತಾ ಅಡಿಗೆ ನುಗ್ಗುವರು. ನನಗೆ ಮೀಸೆ ಬಂದಿತ್ತು, ಮದುವೆಯಾಗಿತ್ತು, ಊರಿನಲ್ಲಿ ನಾಲ್ಕು ಜನ ನನ್ನನ್ನು ನ್ಯಾಯಕ್ಕೆ ಕರೆಯುತ್ತಿದ್ದರು. ಈ ಮನುಷ್ಯನಿಂದ ಒಂದು ಸಲ "ಭರೋಸಾ ಐತೆ" ಅನ್ನಿಸಿಕೊಳ್ಳಬೇಕು ಎನ್ನುವ ಆಸೆ ಮಾತ್ರ ಗಂಟಲಲ್ಲಿ ಮುಳ್ಳಿನ ಹಾಗೆ ಉಳಿದುಬಿಟ್ಟಿತು.

ಎರಡನೆಯದು ಮದುವೆ ದಿಬ್ಬಣದ ಪ್ರಸಂಗ. ಕೊಳಾಲದ ಗಂಡಿಗೆ ಪಾವಗಡದ ಹೆಣ್ಣು. ದಿಬ್ಬಣವನ್ನೆಲ್ಲ ನನ್ನ ಲಾರಿಯಲ್ಲಿ ತುಂಬಿಕೊಂಡು ನಸುಕಿನಲ್ಲಿ ಹೊರಟಿದ್ದೆ. ಮಧುಗಿರಿ ದಾಟಿದ್ದೇ ಗೇರ್‌ಬಾಕ್ಸು ಹೋಯಿತು. ಅದನ್ನು ಬಿಚ್ಚಬಲ್ಲ ಮೇಸ್ತ್ರಿ ಇದ್ದದ್ದೂ ಪಾವಗಡದಲ್ಲೇ. ಅದೃಷ್ಟಕ್ಕೆ ಸಾಬರು ಅವತ್ತು ಮಧುಗಿರಿಯ ಅತ್ತೆ ಮನೆಯಲ್ಲಿದ್ದರು, ಓಡಿಹೋಗಿ ಕರೆತಂದೆ. ತೊಂದರೆ ಏನೆಂದರೆ ಅವರ ಲಾರಿ ಖಾಲಿ. ಎಳೆಯುವ ಗಾಡಿ ಎಳೆಸಿಕೊಳ್ಳುವ ಗಾಡಿಗಿಂತ ಭಾರ ಇರಬೇಕೆಂದು ಸದಾ ಕಲ್ಲು ಚಪ್ಪಡಿ ಹೇರಿಕೊಂಡಿರುತ್ತಿದ್ದವರು, ಹಿಂದಿನ ದಿನ ಅವನ್ನೆಲ್ಲ ಅತ್ತೆಯ ಬಚ್ಚಲಿಗೆ ಹಾಸಿಬಿಟ್ಟಿದ್ದರು.

ಸಾಬರು ದಿಬ್ಬಣವನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರು. "ಎಲ್ಲಾ ನನ್ ಗಾಡಿಗೆ ಹತ್ರಿ. ಸಣ್ಣಕ್ಕಿರೋರು ಮುಂದೆ. ದಪ್ಪಕ್ಕಿರೋರು ಹಿಂದಿನ ಚಕ್ರದ ಮೇಲೆ" ಎಂದರು. ಯಾರೂ ತಾವು ದಪ್ಪ ಎಂದು ಒಪ್ಪಲಿಲ್ಲ. ಸಾಬರೇ ಭುಜ ಹಿಡಿದು ಆರಿಸಿದರು. ಮೊದಲು ಸಿಕ್ಕವರು ಪುರೋಹಿತರು, ಆಮೇಲೆ ಗಂಡಿನ ಸೋದರತ್ತೆ, ಆಮೇಲೆ ದಿಬ್ಬಣವನ್ನು ಕರೆದೊಯ್ಯಲು ಪಾವಗಡದಿಂದ ಬಂದಿದ್ದ ಹೆಣ್ಣಿನ ಸೋದರಮಾವ.

"ಏಮಯ್ಯಾ ಸಾಯಿಬೂ, ಮೇಮು ಮನುಷುಲಮಾ, ಬಂಡಲಮಾ?" ನಾವೇನು ಮನುಷ್ಯರೋ ಬಂಡೆಗಳೋ ಎಂದು ಮಾವ ಕೆರಳಿದ.

"ಬಂಡೆ ಆಗಿದ್ರೆ ಇಷ್ಟು ಮಾತಾಡ್ತಿರ್ಲಿಲ್ಲ, ಕೂತ್ಕೊಳಪ್ಪಾ" ಎಂದರು ಸಾಬರು.

ತಪಾಸಣೆ ಶುರುವಾಯಿತು. ಹನ್ನೊಂದೂವರೆಗೆ ಮುಹೂರ್ತ ಎಂದು ಗಂಡಿನ ಅಪ್ಪ ಕೈ ಕೈ ಹಿಸುಕಿಕೊಂಡ. ಸಾಬರು ಲಾರಿಯ ಅಡಿಯಿಂದಲೇ ಕೇಳಿದರು. "ಮಂತ್ರ ಹೇಳೋರು ಯಾರು?"

"ಹಿಂದಿನ ಚಕ್ರದ ಮೇಲೆ ಕೂರಿಸಿದ್ದೀಯಲ್ಲ, ಅವರೇ."

"ಮತ್ತೆ? ಅವ್ರು ಇಲ್ಲೇ ಅವ್ರೆ. ಅವ್ರನ್ನ ಬುಟ್ಟು ಮುಹೂರ್ತ ಎಲ್ಗೋಯ್ತದೆ?"

ಪುರೋಹಿತರು ಬಗ್ಗಿ ನೋಡಿ, ಹನ್ನೆರಡರ ಮೇಲೂ ಒಂದು ಒಳ್ಳೆಯ ಘಳಿಗೆ ಇದೆ ಎಂದು ಒಪ್ಪಿಕೊಂಡರು.

ಎಲ್ಲ ಮುಗಿದು ಪಿನ್ನು ಇಳಿಸಬೇಕು, ಮದುವೆ ಗಂಡೇ ಕಾಣಲಿಲ್ಲ. ರೇಷ್ಮೆ ಪೇಟ ಧೂಳಾಗುತ್ತದೆಂದು ಅವನು ನನ್ನ ಕೆಟ್ಟ ಲಾರಿಯ ಕ್ಯಾಬಿನ್ನಿನಲ್ಲಿ ಗಾಜು ಏರಿಸಿಕೊಂಡು ಕೂತಿದ್ದ. ಇಳಿ ಎಂದರೆ ಇಳಿಯಲಿಲ್ಲ. ಸಾಬರು ಪಿನ್ನನ್ನು ಹಿಡಿದುಕೊಂಡು ರಸ್ತೆ ಬದಿಯ ಕಲ್ಲಿನ ಮೇಲೆ ಹೋಗಿ ಕೂತರು. ಅಷ್ಟು ಹೊತ್ತು ನಗುತ್ತಿದ್ದ ಮನುಷ್ಯನ ಮುಖ ಬೇರೆಯಾಗಿತ್ತು.

"ನನ್ ತಮ್ಮ ರಹಮತ್ ಹಿಂಗೇ ಕೂತಿದ್ದ ಕಣಪ್ಪಾ. ಹಗ್ಗ ಕಟ್ಟಿ ನಾನೇ ಎಳೀತಿದ್ದೆ. ಇಳಿಜಾರು ಬಂತು, ಹಗ್ಗ ಸಡ್ಲಾಯ್ತು, ಬ್ರೇಕು ತುಳಿದ. ಇಂಜಿನ್ ಸತ್ ಮೇಲೆ ಬ್ರೇಕೂ ಸತ್ತಂಗೆ. ಹಗ್ಗ ಹರ್ಕೊಂಡು ಅವ್ನು ಹಳ್ಳಕ್ಕೆ ಹೋಗಿದ್ದು ನಂಗೆ ಗೊತ್ತೇ ಆಗ್ಲಿಲ್ಲ. ನಾನು ಮುಂದೆ ನೋಡ್ತಿದ್ದೆ."

ಮದುವೆ ಗಂಡು ಪೇಟವನ್ನು ಬಗಲಿಗಿಟ್ಟುಕೊಂಡು ಇಳಿದುಬಂದ. ಅವತ್ತು ನನಗೆ ಆ ಕುತ್ತಿಗೆಯ ಅರ್ಥವಾಯಿತು, ನಾನು ಉದಾಸೀನವಾಗಿ ಹೇಳಿದ "ಬತ್ತಾ ಐತೆ"ಯ ಅರ್ಥವೂ ಆಯಿತು. ನಾಚಿಕೆಯಿಂದ ದಾರಿಯುದ್ದಕ್ಕೂ ಹಿಂದೆಯೇ ನೋಡಿಕೊಂಡು ಹೋದೆ. ಮದುವೆ ಎರಡನೆಯ ಘಳಿಗೆಗೆ ನಡೆಯಿತು. ಸಾಬರು ಪಂಕ್ತಿಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂತು, ಎರಡು ತುತ್ತಿಗೊಮ್ಮೆ ಗೋಡೆ ನೋಡುತ್ತಾ ಹೋಳಿಗೆ ತಿಂದರು.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಅವರ ಎರಡೂ ಕಣ್ಣಿಗೆ ಪೊರೆ ಬಂತು. ಲಾರಿಯ ಇಂಜಿನ್ನೂ ಹೋಯಿತು. ಅದನ್ನು ತುಮಕೂರಿನ ಗುಜರಿಯವನಿಗೆ ಕೊಟ್ಟರು. ಎಳೆದುಕೊಂಡು ಹೋಗಲು ನನ್ನನ್ನೇ ಕರೆಸಿದರು. ನಾನು ಲಾರಿಗೆ ಕಲ್ಲು ಚಪ್ಪಡಿ ಹೇರಿಕೊಂಡೇ ಶಿರಾಕ್ಕೆ ಹೋದೆ. ಶಾಫ್ಟು ಬಿಚ್ಚಿದೆ, ಕಂಬಿ ಹಾಕಿದೆ, ಸರಪಳಿ ಕತ್ತರಿ ಕಟ್ಟಿದೆ, ಕೆಂಪು ಬಟ್ಟೆ ಕಟ್ಟಿದೆ. ಪಿನ್ನಿಗೆಂದು ತಿರುಗಿದರೆ ಸಾಬರು ತಮ್ಮ ಸತ್ತ ಲಾರಿಯ ಕ್ಯಾಬಿನ್ನಿನಲ್ಲಿ ಸ್ಟೇರಿಂಗು ಹಿಡಿದು ಕೂತಿದ್ದರು.

"ಪಿನ್ನು ಹಾಕಿ ಹೊರಡು" ಎಂದರು.

ಬೀಬಮ್ಮ ಬಾಗಿಲಲ್ಲಿ ಕಣ್ಣೊರೆಸಿಕೊಳ್ಳುತ್ತಾ, "ಶಿರಾ ಗಡಿವರೆಗಾದ್ರೂ ಕೂತಿರ್ಲಿ ಬುಡು ಮಗಾ, ಜೀವಮಾನ ಅದ್ರಾಗೇ ಕಳೆದವ್ರೆ" ಎಂದರು. ಆದರೂ ಪಿನ್ನನ್ನು ಕೈಯಲ್ಲೇ ಹಿಡಿದು ಅವರ ಮನೆಯ ಜಗಲಿಯ ಮೇಲೆ ಹೋಗಿ ಕೂತೆ.

"ಸತ್ತ ಗಾಡಿನಾಗೆ ಜೀವ ಕೂರಂಗಿಲ್ಲ ಸಾಬ್ರೇ" ಎಂದೆ.

ತುಂಬ ಹೊತ್ತು ಅವರು ಇಳಿಯಲಿಲ್ಲ. ಆಮೇಲೆ ಸ್ಟೇರಿಂಗನ್ನು ಒಂದು ಸಲ ಅಂಗೈಯಿಂದ ಸವರಿ, ಮೆಟ್ಟಿಲು ತಡಕಾಡುತ್ತಾ ಇಳಿದರು. "ಪರೀಕ್ಷೆ ಮಾಡ್ದೆ ಕಣ್ಲಾ" ಎಂದರು. ಸುಳ್ಳು ಹೇಳುತ್ತಿದ್ದರು. ನಾನು ಪಿನ್ನು ಇಳಿಸಿ, ಇನ್ನು ಅಡಿಗೆ ನುಗ್ಗಿ ಎಲ್ಲವನ್ನೂ ಬಿಚ್ಚಿ ಕಟ್ಟುತ್ತಾರೆ ಎಂದು ಕಾದು ನಿಂತೆ. ಅವರು ಬಗ್ಗಲಿಲ್ಲ. ಸರಪಳಿಯನ್ನು ಮುಟ್ಟಲೂ ಇಲ್ಲ.

"ನೋಡಲ್ವಾ?" ಎಂದೆ.

"ನೀನು ನೋಡಿದ್ದೀಯಲ್ಲ. ಹೋಗು."

ಹದಿನೈದು ಮೈಲಿ ವೇಗದಲ್ಲಿ ಹೊರಟೆ. ಬೀದಿಯ ತಿರುವಿನವರೆಗೂ ಕಿಟಕಿಯಿಂದ ತಲೆ ಹೊರಹಾಕಿ ಹಿಂದೆ ನೋಡಿದೆ. ಸಾಬರು ರಸ್ತೆಯಲ್ಲೇ ನಿಂತಿರುತ್ತಾರೆಂದು ಗೊತ್ತಿತ್ತು. ಆದರೆ ಹಿಂದೆ ಬರುತ್ತಿದ್ದ ಅವರ ಲಾರಿಯೇ ಕಣ್ಣಿಗೆ ಅಡ್ಡವಾಗಿತ್ತು, ಅವರು ಕಾಣಲಿಲ್ಲ.