ಉಪ್ಪಿಲ್ಲದ ಕಳಲೆ

ಹೋದ ವಾರ ಹುಣಸೂರಿನ ಸಂತೆಯಲ್ಲಿ ಸೊಪ್ಪು ಕೊಳ್ಳುತ್ತಿದ್ದಾಗ ಮೂಗಿಗೆ ಆ ವಾಸನೆ ಬಡಿಯಿತು. ತಿರುಗಿ ನೋಡಿದರೆ ಕೋಟೆ ತಾಲ್ಲೂಕಿನ ಕಡೆಯ ಹೆಂಗಸೊಬ್ಬಳು ಪ್ಲಾಸ್ಟಿಕ್ ಬೇಸಿನ್ನಿನಲ್ಲಿ ಹೆಚ್ಚಿದ ಕಳಲೆ ಇಟ್ಟುಕೊಂಡು ಕೂತಿದ್ದಳು. ಎಳೆ ಬಿದಿರನ್ನು ಹೆಚ್ಚಿ ನೀರಿನಲ್ಲಿ ನೆನೆಹಾಕಿದಾಗ ಏಳುವ ಹುಳಿ ವಾಸನೆ ಅದು. ಅದಕ್ಕೆ ಮೂಗು ಮುಚ್ಚಿಕೊಳ್ಳುವವರು ಒಂದು ಕಡೆ, ಬಾಯಲ್ಲಿ ನೀರೂರಿಸುವವರು ಇನ್ನೊಂದು ಕಡೆ. ನಡುವೆ ಯಾರೂ ಇಲ್ಲ. ನಾನು ಕೆ.ಆರ್. ನಗರದ ನಾಲೆ ಬಯಲಿನವಳು, ಮೊದಲಿನಿಂದಲೂ ಮೂಗು ಮುಚ್ಚಿಕೊಳ್ಳುವ ಪಾರ್ಟಿ. ಆದರೂ ಅವತ್ತು ಸೊಪ್ಪಿನವಳಿಂದ ಚಿಲ್ಲರೆ ಈಸಿಕೊಳ್ಳುವುದನ್ನೂ ಮರೆತು ಅಲ್ಲೇ ನಿಂತುಬಿಟ್ಟೆ. ಎದುರುಮನೆ ಅತ್ತೆ ನೆನಪಾದರು...

ತೊಂಬತ್ತರ ದಶಕದಲ್ಲಿ ನನ್ನನ್ನು ರಾವಂದೂರಿನ ಹತ್ತಿರದ ಹಳ್ಳಿಯೊಂದಕ್ಕೆ ಕೊಟ್ಟರು. ಗದ್ದೆ ನೋಡಿಕೊಂಡು ಬೆಳೆದವಳಿಗೆ ಅಲ್ಲಿಯ ಕೆಂಪು ಮಣ್ಣು, ಹೊಗೆಸೊಪ್ಪಿನ ಹೊಲ, ಆ ಸೊಪ್ಪನ್ನು ಕಾಯಿಸಿ ಹದ ಮಾಡುವ ಬ್ಯಾರನ್ನುಗಳು, ಯಾವುದೂ ಒಗ್ಗಲಿಲ್ಲ. ಮೂತಿ ಊದಿಸಿಕೊಂಡು ಓಡಾಡುತ್ತಿದ್ದೆ. ಎದುರುಮನೆಯ ಹೆಂಗಸು ಒಂದೆರಡು ದಿನ ಅದನ್ನು ನೋಡಿ, ಆಮೇಲೆ ಸೀದಾ ನಮ್ಮ ಹಿತ್ತಿಲಿಗೇ ಬಂದು, "ಏನವ್ವ, ಗಂಡ ಸರಿ ಇಲ್ವೋ, ಊರು ಸರಿ ಇಲ್ವೋ?" ಎಂದು ಕೇಳಿದರು. ಊರು ಎಂದೆ. "ಅಂಗಾದ್ರೆ ವಾಸಿಯಾಯ್ತದೆ ಬುಡು" ಎಂದು ನಕ್ಕರು. ರಕ್ತಸಂಬಂಧ ಏನೂ ಇಲ್ಲ. ಆದರೆ ಅವತ್ತಿನಿಂದ ನನಗೆ ಅತ್ತೆ ಎಂದರೆ ಅವರೇ. ಮನೆಯೊಳಗಿದ್ದ ನಿಜವಾದ ಅತ್ತೆಗೆ ಇದರಿಂದ ಆದ ಹೊಟ್ಟೆಕಿಚ್ಚು ಬೇರೆ ಕತೆ.

ಅವರ ತವರು ಎನ್. ಬೇಗೂರಿನ ಕಡೆ, ಕಾಡಂಚು, ದಾಟಿದರೆ ಮಲಯಾಳದ ಸೀಮೆ. ಕೋಳಿಗಳನ್ನು ಬೈಯುವಾಗ ಮಾತ್ರ ಬಾಯಲ್ಲಿ ಮಲಯಾಳ ಬರುತ್ತಿತ್ತು. ನಕ್ಕರೆ ಬೀದಿಯ ಕೊನೆಯ ಮನೆಗೂ ಕೇಳಿಸಬೇಕು. ನಾನು ಆ ಊರಿಗೆ ಹೋಗುವ ಹೊತ್ತಿಗೆ ಅವರ ಗಂಡ ತೀರಿಹೋಗಿ ಒಂದೆರಡು ವರ್ಷವಾಗಿತ್ತು. ಮನೆಯಲ್ಲಿ ಅವರು ಮತ್ತು ಒಬ್ಬಳೇ ಮಗಳು. ಒಂದು ಗೋಡೆಯಾಚೆ ಮೈದುನನ ಸಂಸಾರ.

ಗಂಡನ ಸಾವನ್ನು ಅವರು ನನಗೆ ಹೇಳಿದ್ದು ಒಂದೇ ಸಲ, ಅವರೆಕಾಯಿ ಸುಲಿಯುತ್ತಾ. ಆತನಿಗೆ ಕಳಲೆ ಎಂದರೆ ಜೀವವಂತೆ. "ಅವರು ನಮ್ಮೂರಿಗೆ ಬತ್ತಾ ಇದ್ದದ್ದೇ ಕಳಲೆಗೆ, ನನಗಲ್ಲ" ಎನ್ನುತ್ತಿದ್ದರು. ಆ ಮಳೆಗಾಲ ತವರಿನಿಂದ ಕಳಲೆ ಬಂದಿತ್ತು. ಹೆಚ್ಚಿ ನೆನೆಹಾಕಿದ್ದರು. ಕಳಲೆಯನ್ನು ದಿನಾ ನೀರು ಬದಲಾಯಿಸಿ ಎರಡು ಮೂರು ದಿನ ನೆನೆಸದಿದ್ದರೆ ನಂಜು. ಬೆಳಗ್ಗೆ ಆತ, ಇವತ್ತೇ ಮಾಡು ಎಂದು ಮಗುವಿನ ಹಾಗೆ ಹಟ ಹಿಡಿದರಂತೆ. ಇವರು, ಇನ್ನೊಂದು ದಿನ ನೆನೀಲಿ, ಓಡೋಯ್ತದಾ ಎಂದು ಗದರಿ ಕಳಿಸಿದರಂತೆ. ಮಧ್ಯಾಹ್ನ ಬ್ಯಾರನ್ನಿನೊಳಗೆ ಸೊಪ್ಪಿನ ಕಡ್ಡಿ ಏರಿಸುತ್ತಿದ್ದವರು ಎದೆ ಹಿಡಿದುಕೊಂಡು ಕೂತರು, ಮತ್ತೆ ಏಳಲಿಲ್ಲ. ಕಳಲೆ ಓಡಿಹೋಗಲಿಲ್ಲ, ಪಾತ್ರೆಯಲ್ಲೇ ಇತ್ತು... ಅವರೇ ಹೋದರು. ಅವತ್ತಿನಿಂದ ಆ ಮನೆಯಲ್ಲಿ ಕಳಲೆ ಮುಟ್ಟಿರಲಿಲ್ಲ. ಎಡೆಗೂ ಇಟ್ಟಿರಲಿಲ್ಲ. ಕೈ ಬರುವುದಿಲ್ಲ ಎನ್ನುತ್ತಿದ್ದರು.

ನಮ್ಮ ಕಡೆ ಪಿತೃಪಕ್ಷದಲ್ಲಿ ಬರುವ ಮಾರ್ಲಮಿ ಹಬ್ಬ ಸತ್ತವರ ಹಬ್ಬ. ತೀರಿಕೊಂಡ ಹಿರಿಯರಿಗೆ ಏನೇನು ಇಷ್ಟವೋ ಅದೆಲ್ಲ ಎಲೆ ಮೇಲೆ ಬರಬೇಕು. ಮಾಂಸದ ಸಾರು, ಮುದ್ದೆ, ವಡೆ, ಕಜ್ಜಾಯ, ಪಕ್ಕದಲ್ಲಿ ಹೊಸ ಪಂಚೆ, ಬೀಡಿ ಕಟ್ಟು, ಕುಡಿಯುತ್ತಿದ್ದವರಾದರೆ ಅದೂ. ಎಡೆ ಆಗುವ ತನಕ ಅಡುಗೆಯ ರುಚಿ ನೋಡುವಂತಿಲ್ಲ. ಧೂಪ ಹಾಕಿ ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದುಕೊಳ್ಳಬೇಕು. ಅವರು ಬಂದು ಉಂಡು ಹೋಗಲಿ ಎಂದು ಜಗಲಿಯ ಮೇಲೆ ಸ್ವಲ್ಪ ಹೊತ್ತು ಕಾಯಬೇಕು. ಒಳಗೆ ಹೋಗುವಾಗ ಕೆಮ್ಮಿ, ಬಾಗಿಲು ತಟ್ಟಿ ಹೋಗಬೇಕು. ಊಟಕ್ಕೆ ಕೂತವರನ್ನು ಗಾಬರಿ ಮಾಡಬಾರದಲ್ಲ.

ನಾನು ಆ ಊರಿಗೆ ಹೋದ ಮೇಲಿನ ಮೊದಲ ಮಾರ್ಲಮಿಗೆ ಅತ್ತೆ ಮನಸ್ಸು ಗಟ್ಟಿ ಮಾಡಿದರು. ಈ ಸಲ ಕಳಲೆ ಮಾಡಿ ಇಡ್ತೀನಿ, ಅವರ ಆಸೆ ತೀರಲಿ ಎಂದು ಅಣ್ಣನಿಗೆ ಹೇಳಿ ಕಳಿಸಿ ತರಿಸಿಕೊಂಡು ನೆನೆಹಾಕಿದರು. ಮಾರನೆಯ ದಿನ ಹಬ್ಬದ ಸಾಮಾನಿಗೆಂದು ನಾವಿಬ್ಬರೂ ಪಿರಿಯಾಪಟ್ಟಣಕ್ಕೆ ಹೋದೆವು. ಸಾಮಾನು ಬೇಗ ಮುಗಿಯಿತು. ಬಸ್ಸಿಗೆ ಹೊತ್ತಿತ್ತು. ಟಾಕೀಸಿನ ಮುಂದೆ ದೆವ್ವದ ಚಿತ್ರದ ಪೋಸ್ಟರು. ನಾನೇ ಎಳೆದುಕೊಂಡು ಹೋದೆ.

ದೆವ್ವದ ಚಿತ್ರ ಎಂದರೆ ಹೆದರಿಸುವುದಲ್ಲ, ನಗಿಸುವುದು. ಬಾಡಿಗೆ ಕಡಿಮೆ ಎಂದು ಒಬ್ಬ ಹುಡುಗ ಹಳೇ ಮನೆಗೆ ಬರುತ್ತಾನೆ. ಅಲ್ಲಿ ಆಗಲೇ ಮೂರು ದೆವ್ವಗಳ ಸಂಸಾರ. ಊರ ಮದುವೆಗಳಿಗೆಲ್ಲ ಅಡುಗೆ ಮಾಡಿ ತಾನು ಮಾತ್ರ ಒಂದು ದಿನವೂ ಪಂಕ್ತಿಯಲ್ಲಿ ಕೂತು ಉಣ್ಣದ ಭಟ್ಟ, ಹುಟ್ಟಿದಾಗಿನಿಂದ ಒಂದೂ ಫೋಟೊ ತೆಗೆಸಿಕೊಳ್ಳದ ಅಜ್ಜಿ, ಹುಡುಗಿಗೆ ಹೇಳಬೇಕಾದ್ದನ್ನು ಹೇಳುವ ಮುಂಚೆಯೇ ಲಾರಿಗೆ ಸಿಕ್ಕ ಕಂಡಕ್ಟರು. ನಮ್ಮ ಆಸೆ ತೀರಿಸು ಎಂದು ಮೂವರೂ ಹುಡುಗನ ಬೆನ್ನು ಹತ್ತುತ್ತಾರೆ. ಮೊದಲರ್ಧ ಅತ್ತೆ ನಕ್ಕ ನಗುವಿಗೆ ಮುಂದಿನ ಸಾಲಿನವರು ಪರದೆ ಬಿಟ್ಟು ಹಿಂದಕ್ಕೆ ನೋಡುತ್ತಿದ್ದರು.

ಇಂಟರ್‌ವಲ್ ಆದ ಮೇಲೆ ಭಟ್ಟನನ್ನು ಪಂಕ್ತಿಯಲ್ಲಿ ಕೂರಿಸಿ ಬಡಿಸುತ್ತಾರೆ. ಆತ ಹೊಟ್ಟೆ ತುಂಬ ಉಂಡು, ತೇಗಿ, ಕೈಮುಗಿದು ಹೊಗೆಯಾಗಿ ಹೋಗುತ್ತಾನೆ. ಎಲೆ ಮುಂದೆ ಯಾರೂ ಇಲ್ಲ. ಹುಡುಗ ಮನೆ ತುಂಬ ಕೂಗಿಕೊಂಡು ಹುಡುಕುತ್ತಾನೆ. ಟಾಕೀಸಿನಲ್ಲಿ ಎಲ್ಲರೂ ಕಣ್ಣೊರೆಸಿಕೊಂಡು ಮುಂದಿನ ತಮಾಷೆಗೆ ನಕ್ಕರು. ಅತ್ತೆ ಮಾತ್ರ ಆಮೇಲೆ ನಗಲೇ ಇಲ್ಲ.

ಬಸ್ಸು ಕಂಪಲಾಪುರದ ಕಡೆಯ ಜನವನ್ನೆಲ್ಲ ಇಳಿಸಿ ಹಗುರಾದ ಮೇಲೆ ಬಾಯಿ ಬಿಟ್ಟರು. "ಅಲ್ಲ ಕಣವ್ವ, ಆಸೆ ತೀರುದ್ಮೇಲೆ ಅವರು ಮತ್ತೆ ಬರಾಕೇ ಇಲ್ವಾ?"

"ಸಿನಿಮಾ ಕಣತ್ತೆ, ಬುಡಿ" ಎಂದೆ.

"ಅಷ್ಟೊಂದು ದುಡ್ಡಾಕಿ ಸುಮ್ಸುಮ್ನೆ ತೆಗ್ದಾರಾ? ತಿಳಿದೋರ್ನ ಕೇಳ್ಕಂಡೇ ತೆಗ್ದಿರ್ತಾರೆ" ಎಂದು ಕಿಟಕಿಯ ಆಚೆ ನೋಡತೊಡಗಿದರು.

ಮರುದಿನ ಅವರ ಮಗಳು ನೆನೆಸಿದ ಕಳಲೆಯ ಪಾತ್ರೆಯನ್ನು ಹಾಗೇ ತಂದು ನಮ್ಮ ಅಡುಗೆಮನೆಯಲ್ಲಿಟ್ಟಳು. ನೀವೇ ಮಾಡ್ಕಬೇಕಂತೆ ಎಂದಳು. ನಮ್ಮ ಮನೆಯವರೆಲ್ಲ ಚಪ್ಪರಿಸಿ ತಿಂದರು, ನಾನು ಮಾತ್ರ ಕಳಲೆ ಮುಟ್ಟದೆ ಬಾಗಿಲಾಚೆ ಕೂತು ಉಂಡೆ. ಎಡೆಯ ದಿನ ಮೈದುನ ಎಲೆ ನೋಡಿ, "ಅತ್ಗೆ, ಕಳಲೆ ಎಲ್ಲಿ?" ಎಂದ. ಸಿಗ್ನಿಲ್ಲ ಕಣಪ್ಪ ಎಂದರು ಅತ್ತೆ, ನನ್ನ ಮುಖ ನೋಡದೆ. ಬಾಗಿಲು ಎಳೆದುಕೊಂಡು ಜಗಲಿಯಲ್ಲಿ ಕೂತಾಗ ಅವರು ಮಾತ್ರ ಬಾಗಿಲಿಗೇ ಒರಗಿ ಕೂತಿದ್ದರು. ಮದುವೆಯಾದ ಹೊಸದರಲ್ಲಿ ಗಂಡ ಸಂತೆಯಿಂದ ಬರುವುದನ್ನು ಕಾಯುವವರ ಮುಖ ಇರುತ್ತದಲ್ಲ, ಹಾಗಿತ್ತು.

ಮುಂದಿನ ವರ್ಷ ಮೈದುನನ ಬ್ಯಾರನ್ನಿಗೆ ಬೆಂಕಿ ಬಿತ್ತು. ಬೆಂಕಿ ಬೀಳುವುದು ಅಪರೂಪವಲ್ಲ, ಸೌದೆ ಹೆಚ್ಚು ಹಾಕಿದರೆ ಸಾಕು. ಆದರೆ ಆತ ಶಾಸ್ತ್ರ ಹೇಳುವವರ ಹತ್ತಿರ ಹೋಗಿ ಕೇಳಿಕೊಂಡು ಬಂದ. ಅಣ್ಣನ ಆಸೆ ಬಾಕಿ ಉಳಿದಿದೆ ಎಂದು ಅಲ್ಲಿ ಹೇಳಿದರಂತೆ. ಇನ್ನೇನು, ಬೀದಿಯಲ್ಲಿ ನಿಂತು, "ಒಂದು ತುತ್ತು ಕಳಲೆ ಇಕ್ಕಕೆ ನಿಮಗೇನು ರೋಗ? ಈ ಸಲ ಇಕ್ಕನಿಲ್ಲ ಅಂದ್ರೆ ಎಡೆ ನಮ್ಮನೇಲೇ ಇಕ್ತೀವಿ" ಎಂದ. ಎಡೆ ಅವರ ಮನೆಗೆ ಹೋದರೆ ಅಣ್ಣನೂ ಆ ಮನೆಗೇ ಹೋದಂತೆ. ಊರಿನವರೂ ದನಿ ಸೇರಿಸಿದರು. ಅತ್ತೆ ಜಿಪುಣಿ ಎಂದರು, ಗಂಡ ಸತ್ತದ್ದೇ ಸಾಕಾಗಿದೆ ಇವಳಿಗೆ ಎಂದರು. ಊರ ಬಾಯಿಗೆ ಬೀಗ ಹಾಕುವವರು ಯಾರು.

ಬಟ್ಟೆ ಒಗೆಯುವಾಗ ನಾನೇ ಕೇಳಿದೆ, ಯಾಕತ್ತೆ ಇಷ್ಟು ಹಟ ಎಂದು. ಅತ್ತೆ ಬಟ್ಟೆ ಹಿಂಡುವುದನ್ನು ನಿಲ್ಲಿಸಿದರು. "ಎಲ್ಲಾ ಕೊಟ್ಟು ತೃಪ್ತಿ ಮಾಡಿ ಕಳಿಸ್ಬುಟ್ರೆ ಮುಂದ್ಲೊರ್ಸ ಅವರಿಗೆ ಇಲ್ಲಿ ಏನವ್ವ ಕೆಲಸ? ಒರ್ಸಕ್ಕೊಂದ್ಸಲ ಬತ್ತಾರೆ. ಅಷ್ಟೇ ನನಗಿರದು." ಮತ್ತೆ ಬಟ್ಟೆ ಕೈಗೆತ್ತಿಕೊಂಡು, "ಆದ್ರೂ ಕಟ್ಕಂಡ ಗಂಡನ್ನ ಒರ್ಸೊರ್ಸ ಹಸ್ಕಂಡೇ ಕಳಿಸ್ತೀನಲ್ಲ, ನಾನೆಂಥ ಎಂಗ್ಸು..." ಎಂದು ಅತ್ತರು. ಸಿನಿಮಾಕ್ಕೆ ಕರೆದುಕೊಂಡು ಹೋದವಳು ನಾನು. ಅದೆಲ್ಲ ಸುಳ್ಳು ಎಂದು ಹೇಳಬಹುದಿತ್ತು. ಆದರೆ ಅದು ಸುಳ್ಳಾದರೆ ಗಂಡ ವರ್ಷಕ್ಕೊಮ್ಮೆ ಬರುವುದೂ ಸುಳ್ಳಾಗಬೇಕಲ್ಲ. ಅವರ ಜೊತೆ ಕೂತು ನಾನೂ ಅತ್ತುಬಿಟ್ಟೆ.

ಆ ಸಲದ ಎಡೆಗೆ ಕಳಲೆ ಬಂತು. ಎಲೆಯ ನಡುವೆ, ಘಮಘಮ ಒಗ್ಗರಣೆ ಹಾಕಿಸಿಕೊಂಡು. ಮೈದುನ ನೋಡಿ ಸಮಾಧಾನಪಟ್ಟ. ಧೂಪ ಹಾಕಿ, ಬಾಗಿಲು ಎಳೆದುಕೊಂಡು, ಕಾದು, ಕೆಮ್ಮಿ ಒಳಗೆ ಹೋಗಿ ಎಲ್ಲರೂ ಊಟಕ್ಕೆ ಕೂತೆವು. ಮೈದುನ ಮೊದಲ ತುತ್ತಿಗೇ ಮುಖ ಕಿವುಚಿದ. ಕಳಲೆಗೆ ಉಪ್ಪೇ ಇಲ್ಲ. ಒಂದು ಕಲ್ಲೂ ಇಲ್ಲ.

"ಅಯ್ಯೋ, ಮರ್ತೋಯ್ತು ಕಣಪ್ಪ" ಎಂದರು ಅತ್ತೆ.

ರುಚಿ ನೋಡದ ಅಡುಗೆ, ಮರೆತರೆ ಯಾರು ಏನು ಅನ್ನುವುದು. ಕೈ ತೊಳೆಯುವಾಗ ನನ್ನ ಪಕ್ಕ ಬಂದು ಪಿಸುಗುಟ್ಟಿದರು. ಉಪ್ಪು ಕಮ್ಮಿಯಾದರೆ ಗಂಡ ತಟ್ಟೆ ತಳ್ಳಿ ಎದ್ದುಬಿಡುತ್ತಿದ್ದರಂತೆ. "ಮುಟ್ಟಿರಾಕಿಲ್ಲ ಬುಡು. ಕ್ವಾಪ ಬಂದದೆ, ಬಯ್ಯಕ್ಕಾದ್ರೂ ಮುಂದ್ಲೊರ್ಸ ಬತ್ತಾರೆ." ಕಣ್ಣಲ್ಲಿ ನೀರಿತ್ತು, ತುಟಿಯಲ್ಲಿ ಕಳ್ಳನಗು. ಅವತ್ತಿನ ಊಟದಲ್ಲೇ ಮೊದಲ ಸಲ ನಾನು ಕಳಲೆ ತಿಂದದ್ದು. ಸಪ್ಪೆಯಾಗಿ ಗಂಟಲಲ್ಲಿ ಇಳಿದಿತ್ತು.

ಹಾಗೆ ಎಷ್ಟೋ ವರ್ಷ ನಡೆಯಿತು. ಮಾರ್ಲಮಿಗೆ ಕಳಲೆಗೆ ಉಪ್ಪು ಮರೆಯುವುದು ಆ ಮನೆಯ ಪದ್ಧತಿಯೇ ಆಗಿ, ಮೈದುನ ಒಂದು ಚಿಟಿಕೆ ಉಪ್ಪನ್ನು ಅಂಗೈಯಲ್ಲಿ ಹಿಡಿದುಕೊಂಡೇ ಊಟಕ್ಕೆ ಕೂರುತ್ತಿದ್ದ. ಆತನಿಗೆ ಗುಟ್ಟು ತಿಳಿದಿತ್ತೋ ಇಲ್ಲವೋ ನಾನರಿಯೆ. ಮಗಳಿಗೆ ಮದುವೆಯಾಯಿತು, ಅದೇ ಊರಿಗೆ ಕೊಟ್ಟರು. ಎರಡು ಸಾವಿರದ ಇಸವಿ ದಾಟಿದ ಮೇಲೆ ಅತ್ತೆ ಸೊರಗತೊಡಗಿದರು. ಹೊಟ್ಟೆಯೊಳಗೆ ಗಡ್ಡೆ ಎಂದರು. ಮೈಸೂರಿಗೆ ಹೋಗಿ ಬಂದರು. ಮನೆಗೆ ಕರೆದುಕೊಂಡು ಹೋಗಿ, ಚೆನ್ನಾಗಿ ನೋಡಿಕೊಳ್ಳಿ ಎಂದು ಡಾಕ್ಟರು ಹೇಳಿದರು. ಹಾಗೆಂದರೆ ಏನೆಂದು ನಮಗೆಲ್ಲ ಗೊತ್ತು, ಅವರಿಗೂ ಗೊತ್ತು.

ಆ ಮಾರ್ಲಮಿಗೆ ಅವರು ಜಗಲಿಯ ಮೇಲೆ ಕಂಬಳಿ ಹೊದ್ದು ಮಲಗಿದ್ದರು. ಅಡುಗೆ ಮಾಡುತ್ತಿದ್ದವಳು ಮಗಳು. ಒಳಗಿನಿಂದ ಕಳಲೆಯ ವಾಸನೆ ಬಂದದ್ದೇ ಅತ್ತೆ ಕತ್ತೆತ್ತಿ ಕೂಗಿದರು, "ಉಪ್ಪಾಕವ್ವ. ಸರಿಯಾಗಿ ಆಕು."

ನಾನು ಅವರ ಮುಖ ನೋಡಿದೆ. ಅವರು ನನ್ನ ಕೈ ಹಿಡಿದುಕೊಂಡರು. ಕೈಯಲ್ಲಿ ಬರೀ ಮೂಳೆ ಇತ್ತು. "ಉಂಡ್ಕಂಡು ಓಗ್ಲಿ ಬುಡವ್ವ ಈ ಸಲ. ಮುಂದೋಗಿ ಮನೆಗಿನೆ ನೋಡ್ಕಂಡಿರ್ಲಿ. ಇನ್ಯಾಕೆ ಅವರು ಬರದು, ನಾನೇ ಅವರತ್ರ ಓಯ್ತಾ ಇವ್ನಲ್ಲ" ಎಂದರು.

ಅವತ್ತು ಬಾಗಿಲು ಎಳೆದುಕೊಂಡಾಗ ಅವರು ಬಾಗಿಲ ಕಡೆ ನೋಡಲಿಲ್ಲ. ಬೀದಿಯ ಕಡೆ ನೋಡುತ್ತಿದ್ದರು, ಯಾರನ್ನೋ ಬೀಳ್ಕೊಡುವವರ ಹಾಗೆ. ಊಟಕ್ಕೆ ಕೂತ ಮೈದುನ ಒಳಗಿನಿಂದಲೇ, "ಅತ್ಗೆ, ಈ ಸಲ ಉಪ್ಪು ಸರಿಯಾಗದೆ" ಎಂದ. "ಊ ಕಣಪ್ಪ, ಉಂಡ್ರು" ಎಂದರು ಅತ್ತೆ. ದೀಪಾವಳಿ ನೋಡಲಿಲ್ಲ ಅವರು...

ಈಗ ನಾವು ಹುಣಸೂರಿನಲ್ಲಿದ್ದೇವೆ. ಮಾರ್ಲಮಿಗೆ ಊರಿಗೆ ಹೋಗುತ್ತೇವೆ. ಎದುರುಮನೆಯಲ್ಲಿ ಮಗಳು ಅಪ್ಪ ಅಮ್ಮ ಇಬ್ಬರಿಗೂ ಸೇರಿಸಿ ಎಡೆ ಇಡುತ್ತಾಳೆ. ಅಚ್ಚುಕಟ್ಟಿನ ಹುಡುಗಿ. ಅಮ್ಮನಿಗೆ ಇಷ್ಟವಿದ್ದ ಗಸಗಸೆ ಪಾಯಸ, ಎಲೆಅಡಿಕೆ, ಕನಕಾಂಬರ, ಒಂದನ್ನೂ ಬಿಡುವುದಿಲ್ಲ. ಏನಾದರೊಂದು ಮರೆತುಬಿಡೇ ತಾಯಿ, ಒಂದು ಚೂರು ಕೊರತೆ ಇರಲಿ ಎಂದು ಹೇಳಬೇಕೆಂದು ಬಾಯಿ ತುದಿಗೆ ಬರುತ್ತದೆ. ಹೇಗೆ ಹೇಳುವುದು? ಹೆತ್ತ ಮಗಳು ಹೊಟ್ಟೆ ತುಂಬ ಬಡಿಸುವಾಗ ಎದುರುಮನೆಯವಳಾದ ನಾನು ಅಡ್ಡಬಾಯಿ ಹಾಕಲಾದೀತೇ? ಬಾಗಿಲು ಎಳೆದುಕೊಂಡ ಮೇಲೆ ಎಲ್ಲರ ಜೊತೆ ನಾನೂ ಜಗಲಿಯ ಮೇಲೆ ಕೂರುತ್ತೇನೆ. ಕಿವಿಗೊಟ್ಟು ಕೇಳುತ್ತೇನೆ. ಒಳಗೆ ಒಂದು ಸದ್ದೂ ಇರುವುದಿಲ್ಲ. ಅತ್ತೆಗೆ ಬೇಕಾದ್ದೆಲ್ಲ ಸಿಕ್ಕಿಬಿಟ್ಟಿದೆ, ಇನ್ನು ಅವರು ಬರುವುದಿಲ್ಲ.